ವಾರ್ಪ್ 4ರ ಮೇಲೆ ಕನ್ನಡ: ನನ್ನ ಅನುಭವ

ಐಬಿಎಂನ ಹಳೆಯ ಆಪರೇಟಿಂಗ್ ಸಿಸ್ಟಮ್ (ಓಎಸ್) ಆದ ಓಎಸ್/2 ವಾರ್ಪ್ 4ರಲ್ಲಿ ಕನ್ನಡ ಬರುತ್ತದೆ. ಎಡಿಟರ್ ಒಳಗೆ ಬರುತ್ತದೆ, ಫೋಲ್ಡರ್ ಹೆಸರಿನಲ್ಲಿ ಬರುತ್ತದೆ, 24 ಪಿನ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಕಾಗದದ ಮೇಲೂ ಬರುತ್ತದೆ. ಎಮ್ಯುಲೇಟರ್ ಇಲ್ಲ, ವಿಂಡೋಸ್ ಸೆಷನ್ ಇಲ್ಲ. ನಿಜವಾದ ಪೆಂಟಿಯಂ ಯಂತ್ರ, ವಾರ್ಪ್‌ನದ್ದೇ ಕಿಟಕಿ ವ್ಯವಸ್ಥೆಯಾದ ಪ್ರೆಸೆಂಟೇಷನ್ ಮ್ಯಾನೇಜರಿನ (ಪಿಎಂ) ನಿಜವಾದ ವಿಂಡೋ. ಶಿವಮೊಗ್ಗದ ನನ್ನ ರಿಪೇರಿ ಅಂಗಡಿಯ ರಸೀದಿಗಳು ಈಗ ಬರುವುದು ಇದರಿಂದಲೇ.

ಇದನ್ನು ಬರೆಯಲು ಕಾರಣ ಇದೆ. ನಮ್ಮದೊಂದು ಹಳೆ ಓಎಸ್ ಹುಚ್ಚಿನ ಗೆಳೆಯರ ಗುಂಪು. ಒಬ್ಬರು ಬಿಓಎಸ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಇನ್ನೊಬ್ಬರಿಗೆ ಪ್ಲ್ಯಾನ್ 9 ಓಎಸ್‌ನ ಗುರುತಾದ ಮೊಲ ಗ್ಲೆಂಡಾ ಅಂದರೆ ಪ್ರಾಣ. ಮತ್ತೊಬ್ಬರು ಕೊಲಿಬ್ರಿ ಓಎಸ್ ಇರುವ ಒಂದೇ ಒಂದು ಫ್ಲಾಪಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಇವರ ನಡುವೆ ವಾರ್ಪ್ ಹಿಡಿದುಕೊಂಡವನು ನಾನೊಬ್ಬನೇ. ಅದಕ್ಕೆ ತಮಾಷೆಗಳು ಜಾಸ್ತಿ. "ಓಎಸ್/2 ಬಳಸುವವರು ಯಾರೂ ಕಡಿಮೆ ಆಗಿಲ್ಲ ಮಾರಾಯ್ರೆ, ಎಲ್ಲರೂ ಎಟಿಎಂ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ" ಅನ್ನುವುದು ಅವರ ಹಳೆಯ ಮಾತು; ಹಿಂದೆ ಬ್ಯಾಂಕಿನ ಎಷ್ಟೋ ಎಟಿಎಂಗಳಲ್ಲಿ ಓಡುತ್ತಿದ್ದದ್ದು ಓಎಸ್/2. ವಾರ್ಪ್ ಮೇಲೆ ಕನ್ನಡ ತರುತ್ತೇನೆ ಅಂದಾಗ ಬಂದ ಉತ್ತರ: "ಆ ದಿನ ಹರ್ಡ್ 1.0 ಬಿಡುಗಡೆ ಆಗುತ್ತೆ ಬಿಡಿ." ಗ್ನೂ ಯೋಜನೆಯವರು 1990ರಿಂದ ಬರೆಯುತ್ತಿರುವ ಕರ್ನಲ್ (ಓಎಸ್‌ನ ತಿರುಳು) ಅದು, 1.0 ಇನ್ನೂ ಬಂದಿಲ್ಲ. ಹರ್ಡ್ ವಿಷಯ ಗೊತ್ತಿಲ್ಲ, ವಾರ್ಪ್‌ನಲ್ಲಿ ಕನ್ನಡ ಮಾತ್ರ ಬಂದಿದೆ.

ಅವರ ಅನುಮಾನಕ್ಕೂ ಅರ್ಥ ಇತ್ತು. ವಾರ್ಪ್ 4 ಬಂದದ್ದು 1996ರ ಸೆಪ್ಟೆಂಬರ್‌ನಲ್ಲಿ. ಐಬಿಎಂ ಅದರ ಬೆಂಬಲ ನಿಲ್ಲಿಸಿದ್ದು 2006ರ ಕೊನೆಗೆ. ಕನ್ನಡದ ಒತ್ತಕ್ಷರ, ಗುಣಿತ ಜೋಡಿಸುವ ಯಾವ ಏರ್ಪಾಡೂ ಅದರಲ್ಲಿ ಇಲ್ಲ. ಯೂನಿಕೋಡ್ (ಇವತ್ತು ಎಲ್ಲ ಭಾಷೆಗೂ ಬಳಸುವ ಅಕ್ಷರ ಸಂಕೇತ) ಫಾಂಟ್ ಹಾಕಿದರೆ ಕ, ವಿರಾಮ (ಅರ್ಧಾಕ್ಷರದ ಗುರುತು), ಕ ಅಂತ ಬಿಡಿಬಿಡಿಯಾಗಿ ನಿಲ್ಲುತ್ತವೆ, ಅಷ್ಟೇ. ಗುಂಪಿನ ವಾದವೂ ಇದೇ ಆಗಿತ್ತು. ಜೋಡಿಸುವ ಎಂಜಿನ್ ಇಲ್ಲದೆ ಕನ್ನಡ ಇಲ್ಲ.

ನನ್ನ ವಾದ ಬೇರೆ. ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಿಗೆ ಎಂಜಿನ್ ಬೇಕೇ ಇಲ್ಲ. ಅವು ಅಕ್ಷರ ಇಟ್ಟುಕೊಂಡ ಫಾಂಟುಗಳಲ್ಲ, ಅಕ್ಷರದ ತುಂಡು ಇಟ್ಟುಕೊಂಡ ಫಾಂಟುಗಳು. ಇಂಗ್ಲಿಷಿನ ದೊಡ್ಡ ಪಿ ಇರುವ ಜಾಗದಲ್ಲಿ ಕ ಅಕ್ಷರದ ಬುಡ (ತಲಕಟ್ಟು ಬಿಟ್ಟ ಭಾಗ). ತಲೆ ಮೇಲೆ ಗೆರೆ ಇರುವ ಎ ಜಾಗದಲ್ಲಿ ತಲಕಟ್ಟು. ಪೌಂಡ್ ಗುರುತಿನ ಜಾಗದಲ್ಲಿ ನ ಬುಡ. ಜರ್ಮನ್ ಭಾಷೆಯ ಎರಡು ಎಸ್ ಸೇರಿದ ಅಕ್ಷರದ ಜಾಗದಲ್ಲಿ ನ ಒತ್ತು. ಇವನ್ನು, ಜೊತೆಗೆ ಡ ಬುಡವನ್ನು, ಎಡದಿಂದ ಬಲಕ್ಕೆ ಸುಮ್ನೆ ಸಾಲಾಗಿ ಇಟ್ಟರೆ "ಕನ್ನಡ" ಆಗುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಇಡಬಲ್ಲ ಯಾವ ಓಎಸ್ ಆದರೂ ಕನ್ನಡ ತೋರಿಸಬಲ್ಲದು. ಯೂನಿಕೋಡ್ ಬಂದ ಮೇಲೆ ಎಲ್ಲರೂ ಕಸ ಅಂತ ಪಕ್ಕಕ್ಕಿಟ್ಟ ಫಾಂಟುಗಳೇ ಹಳೆ ಓಎಸ್‌ಗಳಿಗೆ ಕನ್ನಡ ತರುವ ದಾರಿ. ಇದು ನನಗೆ ಮೊದಲಿನಿಂದ ಗೊತ್ತಿತ್ತು, ತೋರಿಸುವುದಷ್ಟೇ ಬಾಕಿ ಇತ್ತು.

ಮೊದಲು ಯಂತ್ರದ ಕಥೆ. ಅದರಲ್ಲೇ ದುಡ್ಡೂ ಹೋಯಿತು, ತಾಳ್ಮೆಯೂ ಹೋಯಿತು.

ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಗೋಡೌನಿನಲ್ಲಿ ಸಾಕೆಟ್ 7 ಬೋರ್ಡಿನ ಪೆಂಟಿಯಂ 166 ಸಿಕ್ಕಿತು. ಕ್ಯಾಬಿನೆಟ್, ಪರದೆಗೆ ಎಸ್3 ಟ್ರಯೊ ಕಾರ್ಡು, ಧ್ವನಿಗೆ ಸೌಂಡ್ ಬ್ಲಾಸ್ಟರ್ 16 ಎಲ್ಲ ಸೇರಿ 1,800 ರೂಪಾಯಿ. ಅಂಗಡಿಯವರು "ಸಾರ್, ತೂಕಕ್ಕೆ ಹಾಕೋ ಮಾಲು, ಆನ್ ಆಗುತ್ತೆ ಅಂತ ನಾನು ಹೇಳಲ್ಲ" ಅಂದರು. ಆನ್ ಆಯಿತು, ಆದರೆ ಎರಡು ನಿಮಿಷಕ್ಕೆ ನಿಂತುಬಿಡುತ್ತಿತ್ತು. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳು ಉಬ್ಬಿದ್ದವು. ಎಲ್ಲ ಕಿತ್ತು ಹೊಸದು ಹಾಕಿದೆ, 250 ರೂಪಾಯಿ. 64 ಎಂಬಿ ರ್‍ಯಾಮ್‌ಗೆ 400. ಟಿವಿಎಸ್ ಗೋಲ್ಡ್ ಕೀಬೋರ್ಡ್ ನನ್ನ ಹತ್ತಿರವೇ ಇತ್ತು. ಅದಕ್ಕೆ ಎಷ್ಟು ಕೊಟ್ಟರೂ ನಾನು ಮಾರುವುದಿಲ್ಲ.

ಹಾರ್ಡ್ ಡಿಸ್ಕ್ ದೊಡ್ಡ ತಲೆನೋವು. ಇಪ್ಪತ್ತೈದು ವರ್ಷ ಹಳೆಯ ಡಿಸ್ಕುಗಳನ್ನು ನಂಬಿ ಕೆಲಸ ಮಾಡುವ ಹಾಗಿಲ್ಲ. ಕೈಗೆ ಸಿಕ್ಕ ಒಂದೆರಡು ಫಾರ್ಮ್ಯಾಟ್ ಆಗುವಾಗಲೇ ಕಟಕಟ ಅನ್ನತೊಡಗಿದವು. ಹಾಗಾಗಿ ಕಾಂಪ್ಯಾಕ್ಟ್ ಫ್ಲ್ಯಾಶ್ (ಸಿಎಫ್) ಮೆಮೊರಿ ಕಾರ್ಡಿಗೆ ಹೋದೆ. ಅದನ್ನು ಐಡಿಇಗೆ, ಅಂದರೆ ಹಳೆ ಹಾರ್ಡ್ ಡಿಸ್ಕಿನ ಕೇಬಲ್‌ಗೆ, ಜೋಡಿಸುವ ಅಡಾಪ್ಟರ್ 250 ರೂಪಾಯಿ. "ವಾರ್ಪ್ ಸಿಎಫ್ ಮೇಲೆ ಕೂರಲ್ಲ" ಅಂತ ಗುಂಪಿನಲ್ಲಿ ಇಬ್ಬರು ಖಡಾಖಂಡಿತ ಹೇಳಿದ್ದರು. 700 ರೂಪಾಯಿ ಕೊಟ್ಟು ತಂದ ಮೊದಲ ಕಾರ್ಡಿನಲ್ಲಿ ಅವರ ಮಾತೇ ನಿಜ ಆಯಿತು. ಬಯಾಸ್‌ಗೆ ಕಾರ್ಡ್ ಕಾಣುತ್ತದೆ, ಡಾಸ್‌ಗೆ ಕಾಣುತ್ತದೆ, ಡಿಸ್ಕನ್ನು ಭಾಗ ಮಾಡುವ ವಾರ್ಪ್‌ನ ಎಫ್‌ಡಿಸ್ಕ್‌ಗೆ ಮಾತ್ರ ಡಿಸ್ಕೇ ಇಲ್ಲ.

ಕಾರಣ ಸರಳ. ಕ್ಯಾಮೆರಾಗೆ ಮಾರುವ ಸಿಎಫ್ ಕಾರ್ಡುಗಳು "ನಾನು ತೆಗೆಯಬಹುದಾದ ಡಿಸ್ಕ್" ಅಂತ ಹೇಳಿಕೊಳ್ಳುತ್ತವೆ. ಕಾರ್ಡ್ ತನ್ನ ಬಗ್ಗೆ ಕೊಡುವ ಐಡೆಂಟಿಫೈ ಮಾಹಿತಿಯ ಮೊದಲ ವರ್ಡ್ (ಮೊದಲ ಎರಡು ಬೈಟ್) ಓದಿ ನೋಡಿ, ಹೆಕ್ಸ್ ಲೆಕ್ಕದಲ್ಲಿ 848ಎ ಅಂತ ಬರುತ್ತದೆ. ಕಾರ್ಖಾನೆ ಯಂತ್ರಗಳಿಗೆ ಮಾಡಿದ ಕಾರ್ಡುಗಳು ಮಾಮೂಲಿ ಹಾರ್ಡ್ ಡಿಸ್ಕಿನ ಹಾಗೆ ಹೇಳಿಕೊಳ್ಳುತ್ತವೆ. ಅಂಥ 2 ಜಿಬಿ ಕಾರ್ಡಿಗೆ 1,600 ರೂಪಾಯಿ ಆಯಿತು. ಗಾತ್ರ ಚಿಕ್ಕದಾಯಿತಲ್ಲ ಅನ್ನಬೇಡಿ. ವಾರ್ಪ್ 4ರ ಮೂಲ ಐಡಿಇ ಡ್ರೈವರ್‌ಗೆ ದೊಡ್ಡ ಡಿಸ್ಕ್ ಹೇಗೂ ಆಗಿಬರುವುದಿಲ್ಲ, ವಾರ್ಪ್ ಪೂರ್ತಿ ಹಾಕಿದರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ.

ಡ್ರೈವರ್ ಕೂಡ ಬದಲಾಯಿಸಿದೆ. ಡಾನಿಎಸ್506 ಅನ್ನುವ ಐಡಿಇ ಡ್ರೈವರ್ ಹಾಕದೆ ಹಳೆ ಬೋರ್ಡಿನಲ್ಲಿ ಸಿಎಫ್ ಓಡಿಸುವುದು ಬೇಡವೇ ಬೇಡ. ಇನ್‌ಸ್ಟಾಲ್ ಮಾಡುವ ಮೂರು ಫ್ಲಾಪಿಗಳಲ್ಲಿ ಡಿಸ್ಕ್ 1ರಿಂದ ಬೇಡದ ಸ್ಕಸಿ (ಬೇರೆ ಬಗೆಯ ಡಿಸ್ಕ್) ಡ್ರೈವರ್‌ಗಳನ್ನು ಅಳಿಸಿ ಜಾಗ ಮಾಡಿ, ಇದನ್ನು ಸೇರಿಸಿ, ಕಾನ್ಫಿಗ್ ಸಿಸ್ ಫೈಲಿನಲ್ಲಿ ಡ್ರೈವರನ್ನು ಹೆಸರಿಸುವ ಬೇಸ್‌ಡೆವ್ ಸಾಲು ಬದಲಾಯಿಸಬೇಕು. ಗೊತ್ತಿದ್ದವರಿಗೆ ಹೊಸದೇನಲ್ಲ.

ಫ್ಲಾಪಿಯದ್ದು ಇನ್ನೊಂದು ಗೋಳು. ಮಲೆನಾಡಿನ ತೇವಕ್ಕೆ ಹಳೆ ಫ್ಲಾಪಿಗಳ ಮೇಲೆ ಬೂಷ್ಟು ಹಿಡಿದಿರುತ್ತದೆ. ಒಂದು ಕೆಟ್ಟ ಫ್ಲಾಪಿ ಹಾಕಿದರೆ ಡ್ರೈವಿನ ಹೆಡ್ಡೂ ಹಾಳು. ನನ್ನ ಎರಡು ಡ್ರೈವ್ ಹಾಗೇ ಹೋದವು. ಕೊನೆಗೆ ಫ್ಲಾಪಿ ಡ್ರೈವಿನ ಜಾಗದಲ್ಲಿ ಕೂರುವ ಗೋಟೆಕ್ ಹಾಕಿದೆ, ಸುಮಾರು 2,000. ಪೆನ್ ಡ್ರೈವಿನಲ್ಲಿ ಫ್ಲಾಪಿ ಇಮೇಜ್‌ಗಳು, ಬಟನ್ ಒತ್ತಿದರೆ ಮುಂದಿನ ಡಿಸ್ಕ್. ಅಪ್ಪಟ ಹಳೆಯದ್ದೇ ಬೇಕು ಅನ್ನುವವರು ಗೋಟೆಕ್ ಕಂಡರೆ ಮೂಗು ಮುರಿಯುತ್ತಾರೆ. ನನಗೆ ಯಂತ್ರ ಓಡಬೇಕು.

ವಾರ್ಪ್ ಪೆಟ್ಟಿಗೆಯನ್ನು ಹೊರದೇಶದಿಂದ ತರಿಸಿದೆ. ಅಂಚೆ, ಸುಂಕ ಎಲ್ಲ ಸೇರಿ 4,500ರ ಸುಮಾರು. ಪುಕ್ಕಟೆ ಇಮೇಜ್ ಎಲ್ಲಿ ಸಿಗುತ್ತದೆ ಅಂತ ನನಗೂ ಗೊತ್ತು. ಆದರೆ ಅಂಗಡಿಯ ರಸೀದಿ ಮುದ್ರಿಸುವ ಯಂತ್ರಕ್ಕೆ ಕದ್ದ ಓಎಸ್ ಹಾಕಲು ಮನಸ್ಸು ಒಪ್ಪಲಿಲ್ಲ. ಹೊಸ ಯಂತ್ರದಲ್ಲಿ ಓಡಿಸುವವರು ಆರ್ಕಾಓಎಸ್ ಕೊಂಡುಕೊಳ್ಳಿ. ಓಎಸ್/2 ಸಾಲಿನಲ್ಲಿ ಇವತ್ತಿಗೂ ಬೆಳೆಯುತ್ತಿರುವುದು ಅದು, 2023ರ 5.1 ಆವೃತ್ತಿಗೆ ಹೊಸ ಯಂತ್ರಗಳು ಬಯಾಸ್ ಬದಲಿಗೆ ಬಳಸುವ ಯುಇಎಫ್‌ಐ ಕೂಡ ಬಂದಿದೆ.

ಇಷ್ಟಾದ ಮೇಲೆ ಫಾಂಟು.

ಗುಂಪಿನಲ್ಲಿ ಕೆಲವರು "ವಿನ್-ಓಎಸ್/2 ಇದೆಯಲ್ಲ, ಅದರೊಳಗೆ ನುಡಿ ಫಾಂಟ್ ಹಾಕಿ ರೈಟ್ ಎಡಿಟರ್ ತೆರೆದರೆ ಆಯ್ತು" ಅಂದರು. ಮಾಡಿ ನೋಡಿದೆ, ಸಲೀಸಾಗಿ ಬಂತು. ಆದರೆ ಅಲ್ಲಿ ಕನ್ನಡ ತೋರಿಸುತ್ತಿರುವುದು ವಿಂಡೋಸ್ 3.1, ವಾರ್ಪ್ ಅದಕ್ಕೆ ಜಾಗ ಕೊಟ್ಟಿದೆ ಅಷ್ಟೇ. ಅದನ್ನು ಗೆಲುವು ಅಂತ ನಾನು ಲೆಕ್ಕ ಹಾಕಲಿಲ್ಲ. ನನಗೆ ಬೇಕಾಗಿದ್ದು ವಾರ್ಪ್‌ನದ್ದೇ ಇಪಿಎಂ ಎಡಿಟರಿನಲ್ಲಿ ಕನ್ನಡ, ಡೆಸ್ಕ್‌ಟಾಪ್ ಮೇಲೆ ಕನ್ನಡ.

ನುಡಿ ಫಾಂಟುಗಳು ಟ್ರೂಟೈಪ್ ಬಗೆಯವು, ವಾರ್ಪ್ 4ಕ್ಕೆ ಟ್ರೂಟೈಪ್ ಬರುತ್ತದೆ. ನುಡಿ ಫಾಂಟನ್ನು ಹಾಗೇ ಸೇರಿಸಿದೆ. ಕೆಲವು ಫಾಂಟ್ ಸೇರಲೇ ಇಲ್ಲ. ಒಂದು ಸೇರಿದ ತಕ್ಷಣ ಇಡೀ ಡೆಸ್ಕ್‌ಟಾಪ್ ಹಿಡಿದು ನಿಲ್ಲಿಸಿತು. ಮೌಸ್ ಓಡಾಡುತ್ತದೆ, ಕ್ಲಿಕ್ ಮಾತ್ರ ಯಾರಿಗೂ ಮುಟ್ಟುವುದಿಲ್ಲ. ಕೀಲಿ, ಮೌಸ್ ಸಂದೇಶಗಳಿಗೆಲ್ಲ ಒಂದೇ ಸಾಲು (ಇನ್‌ಪುಟ್ ಕ್ಯೂ) ಇರುವ ಪಿಎಂನ ಹಳೆ ಕಾಯಿಲೆ ಇದು. ಸೇರಿಕೊಂಡ ಒಂದು ಫಾಂಟಿನಲ್ಲಿ "ಕನ್ನಡ" ಅಂತ ಬರೆದ ಫೈಲ್ ತೆರೆದರೆ ಬಂದದ್ದು: ಒಂದು ಕ ಬುಡ, ಖಾಲಿ, ಸಂಬಂಧ ಇಲ್ಲದ ಯಾವುದೋ ತುಂಡು, ಖಾಲಿ, ಖಾಲಿ, ಡ ಬುಡ, ಮತ್ತೆ ಖಾಲಿ.

ಗುಂಪಿಗೆ ಈ ಚಿತ್ರ ತೋರಿಸಿದಾಗ ಎಲ್ಲರೂ ಖುಷಿಪಟ್ಟರು. ನಾನೂ ಖುಷಿಪಟ್ಟೆ, ಬೇರೆ ಕಾರಣಕ್ಕೆ. ಎರಡು ಬುಡ ಸರಿಯಾಗಿ ಬಂದಿವೆ ಅಂದರೆ ಫಾಂಟ್ ಓಡುತ್ತಿದೆ. ತಪ್ಪುತ್ತಿರುವುದು ಕೋಡ್‌ಪೇಜ್, ಅಂದರೆ ಯಾವ ಅಂಕಿಗೆ ಯಾವ ಅಕ್ಷರ ಅನ್ನುವ ಪಟ್ಟಿ. ನುಡಿ ಫಾಂಟ್ ಕಟ್ಟಿದ್ದು ವಿಂಡೋಸ್‌ನ 1252ಕ್ಕೆ, ವಾರ್ಪ್ ಓಡುತ್ತಿರುವುದು 850ರಲ್ಲಿ. ತಲಕಟ್ಟು ಅಲ್ಲಿ 192ನೇ ಜಾಗ. 850ರಲ್ಲಿ 192 ಅಂದರೆ ಡಾಸ್ ಪೆಟ್ಟಿಗೆ ಗೆರೆಯ ಕೆಳಗಿನ ಎಡ ಮೂಲೆ. ನುಡಿ ಫಾಂಟಿನಲ್ಲಿ ಪೆಟ್ಟಿಗೆ ಗೆರೆ ಎಲ್ಲಿಂದ ಬರಬೇಕು, ಖಾಲಿ ಬಿಟ್ಟಿತು. ನ ಒತ್ತಿನ 223 ಅಲ್ಲಿ ಅರ್ಧ ಕಪ್ಪು ಚೌಕ. ಅದೂ ಖಾಲಿ. ನ ಬುಡದ 163 ಅಲ್ಲಿ ಇನ್ನೊಂದು ಅಕ್ಷರ, ಹಾಗಾಗಿ ಬೇರೆ ತುಂಡು.

850ರಲ್ಲಿ ಒಂದು ಒಳ್ಳೆಯ ಗುಣ ಇದೆ. 1252ಕ್ಕೆ ಬುನಾದಿಯಾದ ಲ್ಯಾಟಿನ್-1 ಪಟ್ಟಿಯ ಮೇಲಿನ ಭಾಗದ 96 ಅಕ್ಷರಗಳೂ ಅದರಲ್ಲಿ ಇವೆ, ಜಾಗ ಮಾತ್ರ ಬೇರೆ. ತಲಕಟ್ಟಿನ ಅಕ್ಷರ 183ರಲ್ಲಿ, ನ ಬುಡ 156ರಲ್ಲಿ, ನ ಒತ್ತು 225ರಲ್ಲಿ. ಹಾಗಾದರೆ 96 ಬೈಟ್‌ಗಳ ಒಂದು ಪಟ್ಟಿ ಸಾಕು. ವಾರ್ಪ್ ಜೊತೆಗೇ ಬರುವ ರೆಕ್ಸ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟ್ರಾನ್ಸ್‌ಲೇಟ್ ಅನ್ನುವ ಫಂಕ್ಷನ್ ಇದೆ. ಒಂದೇ ಸಾಲು, ಫೈಲ್ ಪೂರ್ತಿ ಬದಲು. ಪೆಂಟಿಯಂ 166ರ ಮೇಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಹಾಗೆ ಮಾಡಿದಾಗ ಮೊದಲ ಸಲ ಇಪಿಎಂ ಕಿಟಕಿಯಲ್ಲಿ "ಕನ್ನಡ" ಸರಿಯಾಗಿ ನಿಂತಿತು. ರಾತ್ರಿ ಹನ್ನೊಂದು ದಾಟಿತ್ತು, ಆದರೂ ಗುಂಪಿನ ಎಲ್ಲರಿಗೂ ಫೋನ್ ಮಾಡಿದೆ.

ಆದರೆ ಆ ದಾರಿಯಲ್ಲಿ ತೊಂದರೆ ಇತ್ತು. 850ಕ್ಕೆ ಬದಲಾಯಿಸಿ ಉಳಿಸಿದ ಫೈಲನ್ನು ಬೇರೆ ಯಂತ್ರದಲ್ಲಿ ನುಡಿ ಫಾಂಟ್ ಹಾಕಿ ತೆರೆದರೆ ಅಲ್ಲಿ ಕಲಸುಮೇಲೋಗರ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಬದಲಾಯಿಸುತ್ತಾ ಇರಬೇಕು. ಟ್ರೂಟೈಪ್ ಆಗಾಗ ಟ್ರ್ಯಾಪ್ ಆಗುವುದೂ (ಕುಸಿದು ಬೀಳುವುದೂ) ನಿಲ್ಲಲಿಲ್ಲ. ಹಾಗಾಗಿ ಟ್ರೂಟೈಪ್ ಬಿಟ್ಟು ಅಡೋಬಿಯ ಟೈಪ್ 1 ಬಗೆಯ ಫಾಂಟಿಗೆ ಹೋದೆ. ವಾರ್ಪ್ ಒಳಗೆ ಅಡೋಬಿ ಟೈಪ್ ಮ್ಯಾನೇಜರ್ ಇದ್ದೇ ಇದೆ, ಅದರ ಗಟ್ಟಿತನ ಟ್ರೂಟೈಪ್‌ಗೆ ಇಲ್ಲ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಫಾಂಟ್ ತಿದ್ದುವ ಫಾಂಟ್‌ಫೋರ್ಜ್ ತೆರೆದು ನುಡಿ ಫಾಂಟನ್ನು ಪಿಎಫ್‌ಬಿ (ಅಕ್ಷರಗಳ ಆಕಾರ), ಎಎಫ್‌ಎಂ (ಅವುಗಳ ಅಳತೆ) ಫೈಲ್‌ಗಳಾಗಿ ಮಾಡಿಕೊಂಡೆ.

ಇಲ್ಲಿ ಒಂದು ಗುಟ್ಟು ಇದೆ. ಎಎಫ್‌ಎಂ ಸಾದಾ ಟೆಕ್ಸ್ಟ್ ಫೈಲ್. ಅದರ ತಲೆಭಾಗದ ಒಂದು ಸಾಲನ್ನು ಬದಲಾಯಿಸಿದರೆ ವಾರ್ಪ್ ಆ ಫಾಂಟಿಗೆ ಕೋಡ್‌ಪೇಜ್ ಅನುವಾದ ಮಾಡುವುದನ್ನೇ ಬಿಟ್ಟುಬಿಡುತ್ತದೆ. ಬೈಟ್ ಏನಿದೆಯೋ ಅದೇ ತುಂಡು. ಆಮೇಲೆ 96ರ ಪಟ್ಟಿಯೂ ಬೇಡ, ಟ್ರಾನ್ಸ್‌ಲೇಟೂ ಬೇಡ. ಯಾವ ಸಾಲು ಅಂತ ಇಲ್ಲಿ ಬರೆಯುವುದಿಲ್ಲ. ಎಎಫ್‌ಎಂ ಒಮ್ಮೆ ಕಣ್ಣಿಟ್ಟು ಓದಿದವರಿಗೆ ಹೊಳೆಯುತ್ತದೆ. ಹಿಂದೆ ಬೇರೆ ಭಾಷೆಯ ಓಎಸ್/2 ಮಂದಿಯೂ ತಮ್ಮ ಲಿಪಿಗೆ ಇದನ್ನು ಮಾಡಿದ್ದರು. ಕನ್ನಡಕ್ಕೆ ನಮ್ಮ ಬಳಗದಲ್ಲಿ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ.

ಟೈಪ್ 1ರಲ್ಲಿ ಬಂದ ಹೊಸ ತಾಪತ್ರಯ ಅಂದರೆ ಬಿರುಕು. ಟ್ರೂಟೈಪ್‌ನಲ್ಲಿ ಅಕ್ಷರದ ಚೌಕ 2048 ಯೂನಿಟ್, ಟೈಪ್ 1ರಲ್ಲಿ 1000. ಇಳಿಸುವಾಗ ಅಂಕಿಗಳು ಪೂರ್ಣಾಂಕಕ್ಕೆ ಸರಿಯುತ್ತವೆ. ಇಂಗ್ಲಿಷಿಗೆ ಏನೂ ಆಗುವುದಿಲ್ಲ. ನಮ್ಮದು ತುಂಡು ಜೋಡಣೆ, ಅಲ್ವಾ? 12 ಪಾಯಿಂಟಿಗಿಂತ ಚಿಕ್ಕದಾದರೆ ಬುಡಕ್ಕೂ ತಲಕಟ್ಟಿಗೂ ನಡುವೆ ಒಂದು ಪಿಕ್ಸೆಲ್ ಬಿಳಿ ಗೆರೆ. ಪುಟ ತುಂಬ ಹಾಗೇ ಇದ್ದರೆ ಓದುವುದು ಕಷ್ಟ. ಪರಿಹಾರ ಕೈಕೆಲಸವೇ. ತಲಕಟ್ಟು, ಕೊಂಬು, ದೀರ್ಘ, ಒತ್ತುಗಳ ಎಡ ಬಾಲವನ್ನು ಒಂದೊಂದಾಗಿ ಕೆಲವು ಯೂನಿಟ್ ಉದ್ದ ಎಳೆದೆ. ಆಕಾರವನ್ನು ಪಿಕ್ಸೆಲ್‌ಗೆ ಹೊಂದಿಸಲು ಫಾಂಟ್‌ಫೋರ್ಜ್ ತಾನೇ ಹಾಕಿದ ಹಿಂಟ್‌ಗಳನ್ನೂ (ಸೂಚನೆಗಳನ್ನೂ) ಪೂರ್ತಿ ತೆಗೆದೆ. ಅವು ಬುಡದ ಎತ್ತರವನ್ನು ಒಂದು ಕಡೆ, ತಲಕಟ್ಟಿನ ಎತ್ತರವನ್ನು ಇನ್ನೊಂದು ಕಡೆ ಎಳೆಯುತ್ತಿದ್ದವು. ಸಂಜೆ ಅಂಗಡಿ ಮುಚ್ಚಿದ ಮೇಲೆ ಕೂತು ಮಾಡಿದ ಕೆಲಸ, ವಾರಗಟ್ಟಲೆ ಹಿಡಿಯಿತು. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಇದರ ಬಗ್ಗೆಯೇ. ಈಗ 9 ಪಾಯಿಂಟಿನಲ್ಲೂ ಬಿರುಕಿಲ್ಲ.

ಫಾಂಟ್ ಸಿದ್ಧವಾಯಿತು, ಪಠ್ಯ ಎಲ್ಲಿಂದ? ಇವತ್ತಿನ ಕನ್ನಡ ಎಲ್ಲ ಯೂನಿಕೋಡ್. ಯೂನಿಕೋಡಿನಿಂದ ನುಡಿ ಕೋಡಿಗೆ ಬದಲಾಯಿಸುವ ಸಾಧನಗಳು ಬೇಕಾದಷ್ಟಿವೆ, ಆದರೆ ವಾರ್ಪ್ ಮೇಲೆ ಓಡುವುದು ನನಗೆ ಒಂದೂ ಸಿಗಲಿಲ್ಲ. ರೆಕ್ಸ್‌ನಲ್ಲೇ ಬರೆದೆ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಹಾಗಾಗಿ ಗುರುತು ಹಿಡಿಯುವುದು ಸುಲಭ. ಕಷ್ಟ ಇರುವುದು ಕ್ರಮದಲ್ಲಿ. "ಲ್ಲಿ" ಅಂತ ಬರೆಯಲು ಯೂನಿಕೋಡಿನಲ್ಲಿ ಲ, ವಿರಾಮ, ಲ, ಇಕಾರ. ನುಡಿಯಲ್ಲಿ ಮೊದಲು ಲಿ, ಆಮೇಲೆ ಲ ಒತ್ತು. "ಸೂರ್ಯ" ಇನ್ನೂ ಮಜಾ: ಬಾಯಲ್ಲಿ ಮೊದಲು ಬರುವ ರ್ ಬರವಣಿಗೆಯಲ್ಲಿ ಯ ಆದ ಮೇಲೆ ಅರ್ಕಾವತ್ತು ಆಗಿ ಕೂರುತ್ತದೆ.

ತುಂಡುಗಳ ಲೆಕ್ಕವೂ ನೇರ ಇಲ್ಲ. ಮ ಅಂದರೆ ವ ಮತ್ತು ಕೊಂಬು. ಹಾಗಾದರೆ ವು ಹೇಗೆ? ಅದಕ್ಕೆ ಬೇರೆಯದೇ ಕೊಂಬಿದೆ, ಪು ಬರೆಯುವುದಕ್ಕೂ ಅದೇ. ಯ ಬರೆಯಲು ನಾಲ್ಕು ತುಂಡು ಬೇಕು, ಅದರಲ್ಲಿ ಮೊದಲನೆಯದು ಸೊನ್ನೆ! ಅನುಸ್ವಾರದ ಅದೇ ಸೊನ್ನೆ. ನುಡಿಯಿಂದ ಯೂನಿಕೋಡಿಗೆ ವಾಪಸ್ ತರುವಾಗ ಸೊನ್ನೆ ಕಂಡ ಕೂಡಲೇ ಅನುಸ್ವಾರ ಅಂದುಕೊಂಡರೆ ಪಠ್ಯ ಪೂರ್ತಿ ಕೆಡುತ್ತದೆ. ಮುಂದಿನ ತುಂಡು ನೋಡಿ ತೀರ್ಮಾನ ಮಾಡಬೇಕು. ದೀರ್ಘ, ಒತ್ತು, ಅರ್ಕಾವತ್ತು ಮೂರೂ ಒಟ್ಟಿಗೆ ಬಂದಾಗ ಯಾವುದು ಮೊದಲು ಅನ್ನುವ ಪಟ್ಟಿ ನನ್ನ ಹತ್ತಿರ ಇದೆ. ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ಮೊದಲು ಬರೆದ ರೆಕ್ಸ್ ಒಂದು ಪುಟಕ್ಕೆ ಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತಿತ್ತು. ಒಂದೊಂದೇ ಬೈಟ್ ಓದಿ, ಉದ್ದದ ಸಾಲಿಗೆ ಒಂದೊಂದೇ ತುಂಡು ಅಂಟಿಸುವುದು ರೆಕ್ಸ್‌ಗೆ ಭಾರ. ಫೈಲನ್ನು ಒಂದೇ ಏಟಿಗೆ ಓದಿ, ಪದ ಪದವಾಗಿ ಒಡೆದು, ಒಮ್ಮೆ ಬದಲಾಯಿಸಿದ ಪದವನ್ನು ಸ್ಟೆಮ್ ವೇರಿಯಬಲ್‌ನಲ್ಲಿ (ರೆಕ್ಸ್‌ನ ಪಟ್ಟಿಯಲ್ಲಿ) ನೆನಪಿಟ್ಟುಕೊಂಡರೆ ನಾಲ್ಕೈದು ಸೆಕೆಂಡಿಗೆ ಇಳಿಯಿತು. ರಸೀದಿಯಲ್ಲಿ ಬರುವ ಪದಗಳು ಅವೇ ಅವೇ, ಹಾಗಾಗಿ ಅಲ್ಲಿ ಇನ್ನೂ ಬೇಗ.

ಟೈಪ್ ಮಾಡಲು ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವನ್ನೇ ಇಟ್ಟುಕೊಂಡೆ. ನುಡಿಯಲ್ಲಿ ಕೈ ಪಳಗಿದವರಿಗೆ ಬೇರೆಯದು ಒಗ್ಗುವುದಿಲ್ಲ. ವಾರ್ಪ್‌ನಲ್ಲಿ ಕೀಲಿಗಳನ್ನು ನಡುವೆ ಹಿಡಿದು ಬದಲಾಯಿಸುವ ತಂಟೆಗೆ ಹೋಗಲಿಲ್ಲ. ಇಪಿಎಂನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಆ ಕೀಲಿಗಳನ್ನು ಒತ್ತುತ್ತಾ ಹೋಗುವುದು, ಎಫ್ ಒತ್ತಿದರೆ ಒತ್ತಕ್ಷರ, ಸಾಲು ಮುಗಿದ ಮೇಲೆ ಒಂದು ಕೀಲಿ. ಒಳಗಿಂದ ರೆಕ್ಸ್ ಓಡಿ ಸಾಲು ಕನ್ನಡವಾಗುತ್ತದೆ. ನನ್ನ ಅಂಗಡಿಯ ಹುಡುಗನಿಗೆ ಎರಡು ದಿನದಲ್ಲಿ ರೂಢಿ ಆಯಿತು.

ಇನ್ನು ಡೆಸ್ಕ್‌ಟಾಪ್. ವಾರ್ಪ್‌ನ ವರ್ಕ್‌ಪ್ಲೇಸ್ ಶೆಲ್ ಬಳಸಿದವರಿಗೆ ಫಾಂಟ್ ಪ್ಯಾಲೆಟ್ ಗೊತ್ತು. ಪ್ಯಾಲೆಟ್‌ನಿಂದ ಫಾಂಟ್ ಹಿಡಿದು ಎಳೆದು ಫೋಲ್ಡರ್ ಮೇಲೆ ಬಿಟ್ಟರೆ ಆ ಫೋಲ್ಡರಿನ ಅಕ್ಷರ ಎಲ್ಲ ಬದಲು. 1990ರ ದಶಕದಲ್ಲೇ ಇಂಥದ್ದು ಮಾಡಿಟ್ಟವರಿಗೆ ನಾನು ಕೈ ಮುಗಿಯುತ್ತೇನೆ. ನನ್ನ ಫಾಂಟ್ ಎಳೆದು ಬಿಟ್ಟೆ. "ರಸೀದಿ", "ಬಾಕಿ", "ದರ" ಅಂತ ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳು ಐಕಾನ್ ಕೆಳಗೆ ಅಚ್ಚುಕಟ್ಟಾಗಿ ನಿಂತವು.

ಇಲ್ಲೇ ಒಂದು ವಿಚಿತ್ರ ಕಂಡಿತು. ಬೇರೆ ಬೇರೆ ಪದ ಹಾಕಿ ಪರೀಕ್ಷೆ ಮಾಡುತ್ತಾ "ಚರ" ಅಂತ ಒಂದು ಫೈಲ್ ಮಾಡಲು ಹೋದರೆ, ಈ ಹೆಸರಿನ ಫೈಲ್ ಆಗಲೇ ಇದೆ ಅಂತ ವಾರ್ಪ್ ತಡೆಯಿತು. ಇದ್ದದ್ದು "ದರ". ಸ್ವಲ್ಪ ಯೋಚಿಸಿದರೆ ಕಾರಣ ಸಿಗುತ್ತದೆ. ನುಡಿಯಲ್ಲಿ ಚ ಬುಡ ಇರುವುದು ದೊಡ್ಡ ಜಡ್ ಜಾಗದಲ್ಲಿ, ದ ಬುಡ ಇರುವುದು ಚಿಕ್ಕ ಜಡ್ ಜಾಗದಲ್ಲಿ. ವಾರ್ಪ್‌ನ ಫೈಲ್ ವ್ಯವಸ್ಥೆಯಾದ ಎಚ್‌ಪಿಎಫ್‌ಎಸ್, ಫೈಲ್ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರವನ್ನು ಉಳಿಸಿಕೊಳ್ಳುತ್ತದೆ, ಆದರೆ ಹೋಲಿಸುವಾಗ ಎರಡನ್ನೂ ಒಂದೇ ಎಂದು ನೋಡುತ್ತದೆ. ಅದರ ಲೆಕ್ಕದಲ್ಲಿ ಚರವೂ ದರವೂ ಒಂದೇ ಫೈಲು! ಇಪಿಎಂನಲ್ಲಿ ಹುಡುಕುವಾಗಲೂ ಹೀಗೇ, ದರ ಹುಡುಕಿದರೆ ಚರವೂ ಸಿಗುತ್ತದೆ. ಹುಡುಕಾಟಕ್ಕೆ ಅಕ್ಷರದ ಗಾತ್ರ ನೋಡು ಅಂತ ಹೇಳಿಬಿಟ್ಟರೆ ಸರಿಯಾಯಿತು. ಫೈಲ್ ಹೆಸರಿಗೆ ಮಾತ್ರ ಕೊನೆಗೆ ಒಂದು ಅಂಕಿ ಸೇರಿಸುತ್ತೇನೆ. ವಿಂಡೋಸ್‌ನಲ್ಲಿ ನುಡಿ ಕೋಡಿನ ಫೈಲ್ ಹೆಸರು ಇಟ್ಟರೂ ಇದೇ ಕಥೆ.

ಮುದ್ರಣದಲ್ಲಿ ಹೆಚ್ಚು ಹೇಳುವುದಿಲ್ಲ. 1,200 ರೂಪಾಯಿಗೆ ಹಳೆಯ 24 ಪಿನ್ ಪ್ರಿಂಟರ್, ರಿಬ್ಬನ್ 200. ಪ್ಯಾರಲಲ್ ಕೇಬಲ್ ಹಾಕಿ ವಾರ್ಪ್‌ನದ್ದೇ ಡ್ರೈವರ್ ಆಯ್ಕೆ ಮಾಡಿದರೆ ಸಾಕು. 180 ಡಿಪಿಐನಲ್ಲಿ (ಇಂಚಿಗೆ 180 ಚುಕ್ಕೆ) ಅರ್ಧ ಪುಟದ ರಸೀದಿಗೆ ಒಂದೂವರೆ ನಿಮಿಷ ಹಿಡಿಯುತ್ತದೆ. ಮಲ್ಟಿಪಾರ್ಟ್ ಕಾಗದ ಹಾಕಿದರೆ ಗಿರಾಕಿಗೆ ಒಂದು, ನನಗೆ ಒಂದು. ಲೇಸರ್ ಪ್ರಿಂಟರಿನಲ್ಲಿ ಇದು ಆಗುವುದಿಲ್ಲ. ಮೊನ್ನೆ ಒಬ್ಬ ಅಜ್ಜ ರಸೀದಿ ಹಿಡಿದು ಪೂರ್ತಿ ಓದಿ, "ಎಂತ ಚಂದ ಬಂದಿದೆ ಮಾರಾಯ, ಕನ್ನಡಕ ಇಲ್ಲದೆ ಓದ್ಬಹುದು" ಅಂದರು.

ಒಟ್ಟು ಖರ್ಚು 13 ಸಾವಿರದ ಆಸುಪಾಸು.  ಕರೆಂಟಿನ ಕಾಟಕ್ಕೆ ಯುಪಿಎಸ್ ಬೇರೆ, ಅದು ಅಂಗಡಿಯಲ್ಲಿ ಮೊದಲೇ ಇತ್ತು. ಮಳೆಗಾಲದಲ್ಲಿ ಯುಪಿಎಸ್ ಕೂಡ ಕೈಕೊಟ್ಟಾಗ ಎಚ್‌ಪಿಎಫ್‌ಎಸ್ ಚೆಕ್‌ಡಿಸ್ಕ್ ಓಡುತ್ತದೆ, ಆದರೆ ಸಿಎಫ್ ಮೇಲೆ ಅದು ಬೇಗ ಮುಗಿಯುತ್ತದೆ.

ಫಾಂಟ್ ಕೈಗೆ ಬಂದ ಮೇಲೆ ಬೇರೆ ಓಎಸ್‌ಗಳ ಮೇಲೂ ಕೈಯಾಡಿಸಿದೆ. ಬಿಓಎಸ್ ಗೆಳೆಯರಿಗಾಗಿ, ಅದರ ಮುಂದುವರಿಕೆಯಾದ ಹೈಕು ಓಎಸ್ ಮೇಲೆ ಹಾಕಿದ್ದು ಎಲ್ಲಕ್ಕಿಂತ ಸುಲಭ. ಅದು ಮೊದಲಿನಿಂದಲೂ ಯುಟಿಎಫ್-8. ಕೋಡ್‌ಪೇಜ್ ಜಗಳ ಇಲ್ಲ. ನುಡಿ ತುಂಡುಗಳನ್ನು ಲ್ಯಾಟಿನ್ ಅಕ್ಷರಗಳಾಗಿ ಯುಟಿಎಫ್-8ರಲ್ಲಿ ಬರೆದು, ಫಾಂಟನ್ನು ನಾನ್-ಪ್ಯಾಕೇಜ್ಡ್ ಫೋಲ್ಡರಿನ ಒಳಗೆ ಫಾಂಟ್ಸ್‌ಗೆ ಹಾಕಿದರೆ ಅದರ ಸ್ಟೈಲ್ಡ್‌ಎಡಿಟ್ ಎಡಿಟರಿನಲ್ಲಿ ಕನ್ನಡ. ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಪ್ಲ್ಯಾನ್ 9 ಹೆಚ್ಚು ಇಷ್ಟವಾಯಿತು. ಯುಟಿಎಫ್-8 ಮೊದಲು ಓಡಿದ್ದೇ ಅದರ ಮೇಲೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ತಟ್ಟೆಯ ಕೆಳಗಿನ ಕಾಗದದ ಮೇಲೆ ಅದನ್ನು ಬರೆದರು. ಅಂಥ ಓಎಸ್ ಕೂಡ ಯೂನಿಕೋಡ್ ಕನ್ನಡದ ಒತ್ತನ್ನು ಜೋಡಿಸುವುದಿಲ್ಲ, ಅಕ್ಷರಗಳನ್ನು ಬಿಡಿಬಿಡಿಯಾಗಿಯೇ ಇಡುತ್ತದೆ. ಅದರ ಫಾಂಟ್ ಫೈಲ್ (ಸಬ್‌ಫಾಂಟ್) ಅಂದರೆ ಬಿಟ್‌ಮ್ಯಾಪ್, ಚುಕ್ಕೆಗಳ ಚಿತ್ರ. ಪ್ರತಿ ತುಂಡಿಗೂ ಎಡ ಅಂಚು, ಅಗಲ ಅಂತ ಅಂಕಿ ಇರುತ್ತದೆ, ಎಡ ಅಂಚಿನ ಅಂಕಿ ಮೈನಸ್ ಆಗಬಹುದು. ಒತ್ತುಗಳಿಗೆ ಮೈನಸ್ ಕೊಟ್ಟೆ, ಹಿಂದಿನ ಅಕ್ಷರದ ಕೆಳಗೆ ಹೋಗಿ ಕೂತವು. ಆಕ್ಮಿ ಎಡಿಟರಿನಲ್ಲಿ ಕನ್ನಡ ನೋಡಿದ ಗ್ಲೆಂಡಾ ಭಕ್ತರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೈಲ್ ಕೇಳಿದರು.

ಡಾಸ್‌ನ ಮುಕ್ತ ರೂಪವಾದ ಫ್ರೀಡಾಸ್ ಮಾತ್ರ ಅರ್ಧಕ್ಕೆ ನಿಂತಿದೆ. ವಿಜಿಎ ಟೆಕ್ಸ್ಟ್ ಮೋಡಿನಲ್ಲಿ 256 ಅಕ್ಷರ, ಹಿಗ್ಗಿಸಿದರೆ 512. ತುಂಡುಗಳಿಗೆ ಅಷ್ಟು ಜಾಗ ಸಾಕು. ಆದರೆ ಎಲ್ಲ ತುಂಡಿಗೂ ಒಂದೇ ಅಗಲ, ಒಂದರ ಮೇಲೆ ಒಂದು ಕೂರುವ ಹಾಗಿಲ್ಲ. ಒತ್ತುಗಳು ಪಕ್ಕದ ಮನೆಯಲ್ಲಿ ಒಂಟಿಯಾಗಿ ನಿಲ್ಲುತ್ತವೆ. ಈ ತೊಂದರೆಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಸಿ-ಡ್ಯಾಕ್‌ನವರು ಜಿಸ್ಟ್ ಅಂತ ಒಂದು ಕಾರ್ಡನ್ನೇ ಮಾಡಿದ್ದರು, ಅದನ್ನು ಸ್ಲಾಟಿಗೆ ಹಾಕಿದರೆ ಡಾಸ್ ಪರದೆಯಲ್ಲಿ ಭಾರತದ ಭಾಷೆಗಳು ಬರುತ್ತಿದ್ದವು. ಓಡುವ ಸ್ಥಿತಿಯ ಒಂದು ಜಿಸ್ಟ್ ಕಾರ್ಡಿಗಾಗಿ ಎಸ್‌ಪಿ ರೋಡ್ ಇಡೀ ಹುಡುಕುತ್ತಿದ್ದೇನೆ. ಯಾರ ಹತ್ತಿರವಾದರೂ ಇದ್ದರೆ ಒಳ್ಳೆಯ ಬೆಲೆ ಕೊಡುತ್ತೇನೆ.

ವಾರ್ಪ್‌ನಲ್ಲಿ ಈಗ ಉಳಿದಿರುವ ಕೆಲಸ ಅಕಾರಾದಿ. ನುಡಿ ಕೋಡನ್ನು ಬೈಟ್ ಲೆಕ್ಕದಲ್ಲಿ ಜೋಡಿಸಿದರೆ ಚ, ದ, ಕ ಎಲ್ಲ ಅಡ್ಡಾದಿಡ್ಡಿ. ಹಾಗಾಗಿ ಗಿರಾಕಿಗಳ ಪಟ್ಟಿಯನ್ನು ಯೂನಿಕೋಡಿನಲ್ಲೇ ಇಟ್ಟುಕೊಂಡು, ಅಲ್ಲೇ ಜೋಡಿಸಿ, ತೋರಿಸುವಾಗ ಮಾತ್ರ ನುಡಿಗೆ ಬದಲಾಯಿಸುತ್ತೇನೆ. ಇದನ್ನು ಮಾಡುವ ಯಾರೇ ಆದರೂ ಮೂಲ ಪಠ್ಯವನ್ನು ಯೂನಿಕೋಡಿನಲ್ಲೇ ಇಡಿ. ತುಂಡು ಜೋಡಣೆ ಪರದೆಗೆ ಮತ್ತು ಕಾಗದಕ್ಕೆ ಮಾತ್ರ. ಸಾವಿರ ಹೆಸರು ದಾಟಿದರೆ ರೆಕ್ಸ್ ಜೋಡಿಸುವುದು ನಿಧಾನ, ಅದನ್ನು ಸಿ ಭಾಷೆಯಲ್ಲಿ ಬರೆದು ರೆಕ್ಸ್‌ಗೆ ಕೊಂಡಿ ಹಾಕುತ್ತಿದ್ದೇನೆ.

ನನ್ನ ರೆಕ್ಸ್ ಪ್ರೋಗ್ರಾಮ್ ಬೇಕಾದವರು ಶಿವಮೊಗ್ಗಕ್ಕೆ ಬಂದಾಗ ಪೆನ್ ಡ್ರೈವ್ ತನ್ನಿ, ಕೊಡುತ್ತೇನೆ. ತಿದ್ದಿದ ಫಾಂಟ್ ಹಂಚಲು ಅದರ ಹಕ್ಕಿನ ವಿಷಯ ಮೊದಲು ಕೇಳಿ ತಿಳಿದುಕೊಳ್ಳಬೇಕು. ಅಲ್ಲಿಯವರೆಗೆ ನಿಮ್ಮ ಫಾಂಟನ್ನು ನೀವೇ ಬದಲಾಯಿಸಿಕೊಳ್ಳಿ. ಎಎಫ್‌ಎಂನ ಆ ಸಾಲನ್ನು ಹುಡುಕುವುದೂ ನಿಮಗೇ ಬಿಟ್ಟಿದ್ದು.